ನಿನ್ನೆಯ ಮಳೆ, ಇವತ್ತಿನ ಸೆಖೆ

ಬೇಸಿಗೆಯಲ್ಲಿ ಇಂಥ ಒಂದು ವಾರ ಬಂದೇ ಬರುತ್ತದೆ. ಎರಡು ದಿನ ಉರಿಬಿಸಿಲು. ಆಮೇಲೆ ಗುಡುಗು, ಮಿಂಚು, ಆಲಿಕಲ್ಲು. ಮರುದಿನ ಮೈಯೆಲ್ಲ ಅಂಟಂಟು. ಅದರ ಮರುದಿನ ಸೂರ್ಯನ ಮುಖವೇ ಇಲ್ಲ. ವಾರ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಹವೆಗೆ ಹೇಳೋರು ಕೇಳೋರು ಯಾರೂ ಇಲ್ಲ."

ನನಗೆ ಹಾಗೆ ಅನ್ನಿಸುವುದಿಲ್ಲ. ಇಂಥ ವಾರವನ್ನು ಗಮನವಿಟ್ಟು ನೋಡಿದರೆ ಏಳು ದಿನಕ್ಕೆ ಏಳು ಬುದ್ಧಿ ಇಲ್ಲ ಅನ್ನುವುದು ತಿಳಿಯುತ್ತದೆ. ಸೋಮವಾರ ಕಾಯಿಸಿಟ್ಟ ನೆಲದ ಮೇಲೇ ಬುಧವಾರದ ಮೋಡ ಏಳುತ್ತದೆ. ಬುಧವಾರ ಸುರಿದದ್ದೇ ಗುರುವಾರ ಬೆವರಾಗಿ ಕಾಡುತ್ತದೆ. ಹಿಂದಿನ ದಿನದ ಲೆಕ್ಕ ಬಾಕಿ ಇಟ್ಟುಕೊಳ್ಳದೆ ಯಾವ ದಿನವೂ ಶುರುವಾಗುವುದಿಲ್ಲ.

ಇದನ್ನು ನೋಡಲು ಸಣ್ಣ ಊರು ಒಳ್ಳೆಯ ಜಾಗ. ತಾರಸಿ ಹತ್ತಿದರೆ ಆಕಾಶ ಪೂರ್ತಿ ಕಾಣುತ್ತದೆ. ಮೋಡ ಎಲ್ಲಿ ಹುಟ್ಟಿತು, ಯಾವ ಕಡೆ ವಾಲಿತು, ಎಲ್ಲಿ ಸುರಿಯಿತು ಅನ್ನುವುದನ್ನು ನಿಂತಲ್ಲೇ ನೋಡಬಹುದು. ಆದರೆ ಸಣ್ಣ ಊರಿಗೆ ತನ್ನದೇ ಆದ ಹವಾಮಾನ ಕೇಂದ್ರ ಇರುವುದು ಕಡಿಮೆ. ಫೋನಿನಲ್ಲಿ ಕಾಣುವ ಡಿಗ್ರಿ ಎಷ್ಟೋ ದೂರದ ಕೇಂದ್ರದ್ದೋ, ಕಂಪ್ಯೂಟರ್ ಲೆಕ್ಕದ್ದೋ ಆಗಿರುತ್ತದೆ. ಹಾಗಾಗಿ ನಾನು ನೆರಳಲ್ಲಿ, ಗಾಳಿಯಾಡುವ ಕಡೆ, ಎರಡು ಥರ್ಮಾಮೀಟರ್ ತೂಗುಹಾಕಿದ್ದೇನೆ. ಒಂದು ಮಾಮೂಲಿ. ಇನ್ನೊಂದರ ಬುಡಕ್ಕೆ ಸದಾ ಒದ್ದೆಯಾಗಿರುವ ಹತ್ತಿ ಬಟ್ಟೆ ಸುತ್ತಿದ್ದೇನೆ. ತಾರಸಿಯ ಮೇಲೆ ಮಳೆ ಅಳೆಯಲು ನೇರ ಗೋಡೆಯ ಒಂದು ಡಬ್ಬಿ ಇದೆ. ಈ ವಾರದ ಕಥೆಯನ್ನು ಇವು ಮೂರೂ ಸೇರಿ ಹೇಳಿದವು.

ಸೋಮವಾರ ಮಾಮೂಲಿ ಥರ್ಮಾಮೀಟರ್ 39 ಡಿಗ್ರಿ ತೋರಿಸಿತು. ಅದೂ ನಡುಮಧ್ಯಾಹ್ನ ಅಲ್ಲ, ಮೂರು ಗಂಟೆಯ ಹೊತ್ತಿಗೆ. ಸೂರ್ಯ ನೆತ್ತಿಯಿಂದ ಇಳಿಯಲು ಶುರುಮಾಡಿದ ಮೇಲೂ ನೆಲಕ್ಕೆ ಬರುವ ಕಾವು ನೆಲ ಬಿಟ್ಟುಕೊಡುವ ಕಾವಿಗಿಂತ ಜಾಸ್ತಿಯೇ ಇರುತ್ತದೆ. ಆ ಎರಡೂ ಸರಿಸಮ ಆಗುವವರೆಗೆ ಬಿಸಿ ಏರುತ್ತಲೇ ಹೋಗುತ್ತದೆ. "ಹನ್ನೆರಡು ಗಂಟೆ ಬಿಸಿಲು ತಪ್ಪಿಸಿಕೊಂಡರೆ ಸಾಕು" ಎಂದು ಎರಡೂವರೆಗೆ ಹೊರಗೆ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

"ಬಿಸಿಲಲ್ಲಿ ಎಷ್ಟು ಡಿಗ್ರಿ ಇತ್ತು?" ಎಂದು ಹಲವರು ಕೇಳುತ್ತಾರೆ. ಬಿಸಿಲಲ್ಲಿಟ್ಟ ಥರ್ಮಾಮೀಟರ್ ಗಾಳಿಯ ಬಿಸಿಯನ್ನಲ್ಲ, ತಾನು ಎಷ್ಟು ಕಾದಿದ್ದೇನೆ ಅನ್ನುವುದನ್ನು ತೋರಿಸುತ್ತದೆ. ಅದಕ್ಕೇ ಹವಾಮಾನ ಕೇಂದ್ರಗಳಲ್ಲಿ ನೆಲದಿಂದ ಒಂದೂವರೆ ಮೀಟರ್ ಆಸುಪಾಸಿನ ಎತ್ತರದಲ್ಲಿ, ಜಾಲರಿ ಪಟ್ಟಿಗಳಿರುವ ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಡುತ್ತಾರೆ. ಆ ಪೆಟ್ಟಿಗೆಗೆ ಸ್ಟೀವನ್‌ಸನ್ ಸ್ಕ್ರೀನ್ ಎಂದು ಹೆಸರು. ಅದನ್ನು ರೂಪಿಸಿದವರು ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಜಗತ್ತಿನ ಯಾವ ಊರಿನ ತಾಪಮಾನ ಓದಿದರೂ ಅದು ನೆರಳಿನ ಲೆಕ್ಕ ಅನ್ನುವುದು ನೆನಪಿರಬೇಕು. ರಸ್ತೆ ಮೇಲೆ, ತಗಡಿನ ಮಾಡಿನ ಕೆಳಗೆ ಇರುವವರ ಪಾಡು ಅದಕ್ಕಿಂತ ತುಂಬಾ ಕೆಟ್ಟದ್ದು.

ಆದರೂ ಸೋಮವಾರದ ಬಿಸಿಲು ಒಂದು ರೀತಿಯಲ್ಲಿ ನೇರ ಸ್ವಭಾವದ್ದು. ಒಣ ಬಿಸಿಲು. ಹರವಿದ ಬಟ್ಟೆ ನೋಡನೋಡುತ್ತಲೇ ಗರಿಗರಿಯಾಯಿತು. ತುಟಿ ಒಡೆಯಿತು. ಒದ್ದೆ ಬಟ್ಟೆಯ ಥರ್ಮಾಮೀಟರ್ ಮಾತ್ರ 22 ಡಿಗ್ರಿಗೇ ನಿಂತಿತ್ತು. ಪಕ್ಕಪಕ್ಕದಲ್ಲಿ ತೂಗುತ್ತಿರುವ ಎರಡರ ನಡುವೆ 17 ಡಿಗ್ರಿ ಅಂತರ! ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಬೇಗ ಆವಿಯಾಗುತ್ತದೆ, ಅಷ್ಟೂ ತಂಪಾಗುತ್ತದೆ. ನಮ್ಮ ಬೆವರಿನ ಕೆಲಸವೂ ಇದೇ. ಸೋಮವಾರ ಬೆವರು ಬಂದದ್ದೇ ಗೊತ್ತಾಗಲಿಲ್ಲ, ಏಕೆಂದರೆ ಬಂದ ಕ್ಷಣದಲ್ಲೇ ಹಾರಿಹೋಗುತ್ತಿತ್ತು. ಮೈಯಿಂದ ನೀರು ಹೋಗುತ್ತಿರುವುದು ಕಣ್ಣಿಗೆ ಕಾಣದ ಕಾರಣ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕಾದ ದಿನ ಅದು.

ರಾತ್ರಿ ಆಕಾಶ ತಿಳಿಯಾಗಿತ್ತು. ನೆಲದ ಕಾವು ಅಡ್ಡಿಯಿಲ್ಲದೆ ಮೇಲಕ್ಕೆ ಹೋಯಿತು. ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು. ಇದನ್ನು ನೆನಪಿಟ್ಟುಕೊಳ್ಳಿ, ಗುರುವಾರ ರಾತ್ರಿಯ ಮಾತು ಬಂದಾಗ ಬೇಕಾಗುತ್ತದೆ.

ಮಂಗಳವಾರವೂ ಹಾಗೇ ಇತ್ತು ಎಂದು ಎಲ್ಲರೂ ಹೇಳಿದರು. ಒಂದು ಡಿಗ್ರಿ ಕಡಿಮೆ, ಅಷ್ಟೆ. ಆದರೆ ಅವತ್ತೇ ವಾರ ತಿರುವು ತೆಗೆದುಕೊಂಡದ್ದು. ಗಾಳಿ ದಿಕ್ಕು ಬದಲಿಸಿತ್ತು. ಒದ್ದೆ ಬಟ್ಟೆಯ ಥರ್ಮಾಮೀಟರ್ ಸದ್ದಿಲ್ಲದೆ ಮೇಲೇರಿತ್ತು. ಗಾಳಿಯಲ್ಲಿ ತೇವ ಸೇರುತ್ತಿದೆ ಎಂದೇ ಇದರ ಅರ್ಥ. ಹತ್ತು ಗಂಟೆಗೆ ಸೂರ್ಯ ಗುಡಿ ಕಟ್ಟಿದ್ದ. ಸುತ್ತಲೂ ದೊಡ್ಡದೊಂದು ಬೆಳಕಿನ ಬಳೆ. ತುಂಬಾ ಎತ್ತರದಲ್ಲಿ ತೆಳ್ಳಗೆ ಹರಡಿದ ಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗಿ ಬರುವುದರಿಂದ ಹೀಗೆ ಕಾಣುತ್ತದೆ. ಕೈ ಪೂರ್ತಿ ಚಾಚಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಹಿಡಿದರೆ, ಆ ಅಂತರ ಸುಮಾರಾಗಿ ಸೂರ್ಯನಿಂದ ಬಳೆಯವರೆಗಿನ 22 ಡಿಗ್ರಿಗೆ ಸರಿಹೋಗುತ್ತದೆ. ಸೂರ್ಯನನ್ನು ಹೆಬ್ಬೆರಳಿನಿಂದ ಪೂರ್ತಿ ಮರೆಮಾಡಿಕೊಂಡೇ ನೋಡಬೇಕು. ಬರಿಗಣ್ಣಿನಿಂದ ನೇರವಾಗಿ ಎಂದೂ ಬೇಡ.

ಗುಡಿ ಕಟ್ಟಿದರೆ ಮಳೆ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಪ್ರತಿ ಸಲವೂ ಬರುವುದಿಲ್ಲ. ಆದರೆ ಅಷ್ಟು ಎತ್ತರದಲ್ಲಿ ತೇವ ಬಂದು ಸೇರಿದೆ ಅನ್ನುವ ಸುದ್ದಿಯಂತೂ ನಿಜ. ಎಲ್ಲೋ ದೂರದಲ್ಲಿ ಸುರಿದ ಗುಡುಗು ಮೋಡದ ನೆತ್ತಿ ಹರಡಿಕೊಂಡು ಬಂದಿರಬಹುದು.

ಮಧ್ಯಾಹ್ನ ಸಣ್ಣ ಸಣ್ಣ ಬಿಳಿ ಮೋಡಗಳು ಹುಟ್ಟಿದವು, ಕರಗಿದವು. ಮತ್ತೆ ಹುಟ್ಟಿದವು, ಮತ್ತೆ ಕರಗಿದವು. ಕಾದ ನೆಲದಿಂದ ಎದ್ದ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತ ಮೇಲೇರುತ್ತದೆ. ತನ್ನಲ್ಲಿರುವ ತೇವ ಹನಿಗಟ್ಟುವಷ್ಟು ತಣ್ಣಗಾದ ಎತ್ತರದಲ್ಲಿ ಮೋಡ ಶುರು. ಇಬ್ಬನಿ ಕಟ್ಟುವ ಉಷ್ಣಾಂಶಕ್ಕೂ ಈಗಿನ ಉಷ್ಣಾಂಶಕ್ಕೂ ಎಷ್ಟು ಡಿಗ್ರಿ ಅಂತರವೋ ಅದನ್ನು 125ರಿಂದ ಗುಣಿಸಿದರೆ ಇಂಥ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಅಂದಾಜು ಸಿಗುತ್ತದೆ. ಸೋಮವಾರ ಆ ಲೆಕ್ಕ 3,300 ಮೀಟರಿಗಿಂತ ಮೇಲಿತ್ತು. ಮಂಗಳವಾರ 2,500ಕ್ಕೆ ಇಳಿಯಿತು. ಮೋಡ ನಮ್ಮ ಕಡೆಗೆ ಇಳಿದು ಬರುತ್ತಿತ್ತು. ಹುಟ್ಟಿದ ಮೋಡವನ್ನು ಸುತ್ತಲಿನ ಒಣ ಗಾಳಿ ಇನ್ನೂ ನುಂಗುತ್ತಿತ್ತು. ಆದರೆ ಹಾಗೆ ಕರಗಿದ ಒಂದೊಂದು ಮೋಡವೂ ತನ್ನ ತೇವವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಮುಂದಿನ ಮೋಡಕ್ಕೆ ದಾರಿ ಸ್ವಲ್ಪ ಸುಲಭವಾಗುತ್ತದೆ.

ತೇವ ತುಂಬಿದ ಗಾಳಿಯನ್ನು ನಾವು "ಭಾರವಾಗಿದೆ" ಅನ್ನುತ್ತೇವಲ್ಲ, ನಿಜಕ್ಕೂ ಅದು ಒಣ ಗಾಳಿಗಿಂತ ಹಗುರ. ನೀರಿನ ಅಣುವಿನ ತೂಕ 18, ಸಾರಜನಕದ್ದು 28, ಆಮ್ಲಜನಕದ್ದು 32. ಹಗುರವಾದ ಅಣು ಬಂದು ಭಾರದ ಅಣುವಿನ ಜಾಗ ಹಿಡಿದರೆ ಒಟ್ಟು ಗಾಳಿ ಹಗುರಾಗಲೇಬೇಕು. ಭಾರ ಇರುವುದು ನಮ್ಮ ಮೈಮೇಲೆ, ಗಾಳಿಯಲ್ಲಿ ಅಲ್ಲ.

ಬುಧವಾರ ಬೆಳಗ್ಗೆ ಎಲೆ ಅಲುಗಾಡಲಿಲ್ಲ. ಫೋನಿನಲ್ಲಿ "ಮಳೆಯ ಸಾಧ್ಯತೆ 40%" ಎಂದಿತ್ತು. ದಿನದ ನೂರು ಪಾಲಿನಲ್ಲಿ ನಲವತ್ತು ಪಾಲು ಹೊತ್ತು ಮಳೆ ಎಂದು ಕೆಲವರು ಓದಿಕೊಳ್ಳುತ್ತಾರೆ. ಹಾಗಲ್ಲ. ಇಂಥದೇ ಲಕ್ಷಣದ ನೂರು ದಿನ ಬಂದರೆ, ಒಂದು ಜಾಗದಲ್ಲಿ ಅದರಲ್ಲಿ ನಲವತ್ತು ದಿನ ಮಳೆ ಬೀಳಬಹುದು ಎಂದಷ್ಟೆ. ಅರವತ್ತು ದಿನ ಬೀಳುವುದಿಲ್ಲ ಅನ್ನುವುದೂ ಅದರಲ್ಲೇ ಇದೆ.

ಎರಡು ಗಂಟೆಯ ಹೊತ್ತಿಗೆ ಒಂದು ಮೋಡ ಕರಗದೆ ನಿಂತಿತು. ನಾನು ಅದನ್ನೇ ನೋಡುತ್ತ ಕುಳಿತೆ. ಅದರ ಅಂಚು ಚೂಪಾಗಿ, ಕೊರೆದಿಟ್ಟಂತೆ ಇತ್ತು. ಒಂದರ ಮೇಲೊಂದು ಗುಪ್ಪೆ ಉಬ್ಬಿ ಬರುತ್ತಿತ್ತು. ಆವಿ ಹನಿಗಟ್ಟುವಾಗ, ಮೊದಲು ಹೀರಿಕೊಂಡಿದ್ದ ಶಾಖವನ್ನೆಲ್ಲ ವಾಪಸ್ ಕೊಡುತ್ತದೆ. ಆ ಶಾಖವೇ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮೇಲೇರಿದಷ್ಟೂ ಇನ್ನಷ್ಟು ಆವಿ ಹನಿಯಾಗುತ್ತದೆ. ಒಮ್ಮೆ ಶುರುವಾದರೆ ತನ್ನನ್ನು ತಾನೇ ಎತ್ತಿಕೊಳ್ಳುವ ಕೆಲಸ ಇದು. ಬೇಸಿಗೆಯ ಗುಡುಗು ಮೋಡ ಬಿಸಿನಾಡುಗಳಲ್ಲಿ 12ರಿಂದ 15 ಕಿಲೋಮೀಟರ್ ಎತ್ತರಕ್ಕೆ ಬೆಳೆಯುವುದು ಸಾಮಾನ್ಯ.

ಆಮೇಲೆ ಮೋಡದ ನೆತ್ತಿಯ ಅಂಚು ಮಸುಕಾಯಿತು. ಚೂಪು ಹೋಗಿ ಎಳೆಎಳೆಯಾಯಿತು. ಈ ಒಂದು ಗುರುತನ್ನು ಎಲ್ಲರೂ ಕಲಿತುಕೊಳ್ಳಬೇಕು ಎಂದು ನನ್ನ ಆಸೆ. ಮೇಲಿನ ಹನಿಗಳು ಹಿಮವಾಗುತ್ತಿವೆ ಅನ್ನುವುದಕ್ಕೆ ಅದೇ ಸಾಕ್ಷಿ. ಹಿಮ ಬಂದ ಮೇಲೆ ಮಳೆ, ಮಿಂಚು ದೂರವಿಲ್ಲ. ಮಕ್ಕಳನ್ನು ಮೈದಾನದಿಂದ ಒಳಗೆ ಕರೆಯಲು ಗುಡುಗಿಗೆ ಕಾಯಬೇಕಾಗಿಲ್ಲ. ಅಂಚು ಮಸುಕಾದಾಗಲೇ ಕರೆಯಬಹುದು.

ಮೊದಲು ಬಂದದ್ದು ಗಾಳಿ. ಒಂದು ಬಾಗಿಲು ಧಡ್ ಎಂದು ಬಡಿಯಿತು. ಆಮೇಲೆ ಬೀದಿಯುದ್ದಕ್ಕೂ ಬಾಗಿಲುಗಳು, ಕಿಟಕಿಗಳು. ಧೂಳಿನ ಗೋಡೆಯೊಂದು ಎದ್ದು ಬಂತು. ಹಿಂದೆಯೇ ತಣ್ಣನೆ ಗಾಳಿ. ಥರ್ಮಾಮೀಟರ್ ಕಣ್ಣೆದುರೇ 38ರಿಂದ ಇಳಿಯಲು ಶುರುಮಾಡಿ 25ರ ಹತ್ತಿರ ಬಂದು ನಿಂತಿತು. ಹನಿ ಇನ್ನೂ ಒಂದೂ ಬಿದ್ದಿರಲಿಲ್ಲ.

ಈ ಗಾಳಿ ಎಲ್ಲಿಂದ ಬಂತು? ಸೋಮವಾರ, ಮಂಗಳವಾರದ ಒಣ ಹವೆಯಿಂದ. ಮೋಡದ ತಳಕ್ಕೂ ನೆಲಕ್ಕೂ ನಡುವೆ ಎರಡು ಕಿಲೋಮೀಟರ್ ಒಣ ಗಾಳಿ ಇನ್ನೂ ಉಳಿದಿತ್ತು. ಮೇಲಿಂದ ಬಿದ್ದ ಮೊದಲ ಮಳೆ ಆ ಗಾಳಿಯಲ್ಲೇ ಆವಿಯಾಗಿ ಅದನ್ನು ತಣ್ಣಗೆ ಮಾಡಿತು. ತಣ್ಣಗಾದ ಗಾಳಿಗೆ ತೂಕ ಜಾಸ್ತಿ. ಅದು ಕೆಳಗೆ ಕುಸಿದು, ನೆಲಕ್ಕೆ ಬಡಿದು, ನಾಲ್ಕೂ ಕಡೆ ಹರಡಿತು. ಕೆಳಗಿನ ಹವೆ ಒಣಗಿದ್ದಷ್ಟೂ ಈ ಕುಸಿತ ಜೋರು. ಬೇಸಿಗೆಯ ಮೊದಲ ಮಳೆಯಲ್ಲೇ ಮರ ಉರುಳುವುದು, ತಗಡು ಹಾರುವುದು ಇದರಿಂದಲೇ. ಎರಡು ದಿನ ನಾವು ಬೈದುಕೊಂಡ ಬಿಸಿಲೇ ಬುಧವಾರ ಗಾಳಿಗೆ ಬಲ ಕೊಟ್ಟದ್ದು.

ಆಮೇಲೆ ಹನಿ. ಮೆಟ್ಟಿಲ ಮೇಲಿನ ಧೂಳಿನಲ್ಲಿ ಮೊದಲ ಹನಿ ಬಿದ್ದ ಜಾಗವನ್ನು ಬಾಗಿ ನೋಡಿದೆ. ನಾಣ್ಯದಗಲದ ಒಂದು ಕುಳಿ. ಸುತ್ತಲೂ ಧೂಳಿನ ಸಣ್ಣ ಏರಿ. ನಡುವೆ ಹನಿ ಧೂಳನ್ನು ಸುತ್ತಿಕೊಂಡು ಒಂದು ಕ್ಷಣ ಗುಂಡಗೇ ಕುಳಿತಿತ್ತು, ಆಮೇಲೆ ಒಳಗೆ ಇಂಗಿತು. ಆಗ ಆ ವಾಸನೆ ಬಂತು. ಅದಕ್ಕೊಂದು ಶಾಸ್ತ್ರೀಯ ಹೆಸರು ಸಿಕ್ಕಿದ್ದು 1964ರಲ್ಲಿ. ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಪೆಟ್ರಿಕೋರ್ ಎಂದು ಕರೆದರು. ಒಣ ದಿನಗಳಲ್ಲಿ ಗಿಡಗಳಿಂದ ಬಂದ ಎಣ್ಣೆಯ ಅಂಶ ಕಲ್ಲು ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವೂ ಅದರ ಜೊತೆ ಇರುತ್ತದೆ. ಮನುಷ್ಯನ ಮೂಗು ಅದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾ ಹಿಡಿದು ಹನಿ ಬೀಳುವುದನ್ನು ಚಿತ್ರಿಸಿದರು. ಹನಿ ಮಣ್ಣಿಗೆ ತಾಗಿದಾಗ ಅದರೊಳಗೆ ಗಾಳಿಗುಳ್ಳೆಗಳು ಸಿಕ್ಕಿಬೀಳುತ್ತವೆ. ಅವು ಮೇಲೆದ್ದು ಒಡೆದು, ವಾಸನೆ ಹೊತ್ತ ಸೂಕ್ಷ್ಮ ತುಂತುರನ್ನು ಗಾಳಿಗೆ ಎಸೆಯುತ್ತವೆ. ಜೋರು ಮಳೆಗಿಂತ ಹಗುರ ಮಳೆಯಲ್ಲಿ ಇದು ಜಾಸ್ತಿ ಎಂದು ಅವರು ಕಂಡುಕೊಂಡರು. ಮಳೆ ಧೋ ಎಂದು ಸುರಿಯತೊಡಗಿದ ಮೇಲೆ ಆ ವಾಸನೆ ಅಷ್ಟಾಗಿ ಬರುವುದಿಲ್ಲ, ಗಮನಿಸಿದ್ದೀರಾ?

ಆಲಿಕಲ್ಲು ಐದೇ ನಿಮಿಷ ಬಿತ್ತು. ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಗೋಲಿಗಿಂತ ಚಿಕ್ಕದು. ನಡುವೆ ಹಾಲಿನಂಥ ಬಿಳಿ, ಸುತ್ತಲೂ ಗಾಜಿನಂಥ ಪದರ. ನೀರು ತಕ್ಷಣ ಗಟ್ಟಿಯಾದರೆ ಗಾಳಿಗುಳ್ಳೆ ಒಳಗೇ ಉಳಿದು ಬೆಳ್ಳಗೆ ಕಾಣುತ್ತದೆ. ನಿಧಾನವಾಗಿ ಗಟ್ಟಿಯಾದರೆ ಗುಳ್ಳೆ ಹೊರಗೆ ಹೋಗಿ ತಿಳಿಯಾಗುತ್ತದೆ. ಆ ಕಲ್ಲು ಮೋಡದೊಳಗೆ ಎಂಥೆಂಥ ಜಾಗ ದಾಟಿ ಬಂತು ಅನ್ನುವುದು ಅದರ ಪದರಗಳಲ್ಲೇ ಬರೆದಿರುತ್ತದೆ. ಓದಿ ಮುಗಿಸುವಷ್ಟರಲ್ಲಿ ಕರಗಿ ಮಣಿಕಟ್ಟಿಗೆ ಇಳಿಯಿತು.

ಮಿಂಚಿನ ವಿಷಯ ಒಂದೆರಡು ಮಾತು ಹೇಳಲೇಬೇಕು. ಮಿಂಚು ಹಾದುಹೋದ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಐದು ಪಟ್ಟು. ಆ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮಿಂಚು ಕಂಡ ಮೇಲೆ ಒಂಬತ್ತು ಎಣಿಸುವಷ್ಟರಲ್ಲಿ ಗುಡುಗಿದರೆ ಮೂರು ಕಿಲೋಮೀಟರ್. ಗುಡುಗು ಕಿವಿಗೆ ಬೀಳುವಷ್ಟು ಹತ್ತಿರ ಇದ್ದೇವೆ ಅಂದರೆ ಸಿಡಿಲು ಬೀಳುವಷ್ಟು ಹತ್ತಿರವೂ ಇದ್ದೇವೆ ಎಂದೇ ತಿಳಿಯಬೇಕು. ಮರದ ಕೆಳಗೆ ನಿಲ್ಲಲೇಬಾರದು. ಕೊನೆಯ ಗುಡುಗು ಕೇಳಿದ ಮೇಲೂ ಮೂವತ್ತು ನಿಮಿಷ ಒಳಗೇ ಇರಬೇಕು. ಮಳೆ ನಿಂತಿತು ಎಂದು ತಕ್ಷಣ ಬಯಲಿಗೆ ಓಡುವುದೂ ಅಪಾಯ.

ಮಳೆ ನಿಂತ ಮೇಲೆ ಡಬ್ಬಿಯಲ್ಲಿ 22 ಮಿಲಿಮೀಟರ್ ನೀರಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನಿಂತರೆ ಸರಿಯಾಗಿ ಒಂದು ಲೀಟರ್. ನೂರು ಚದರ ಮೀಟರ್ ತಾರಸಿ ಇದ್ದವರ ಮನೆಯ ಮೇಲೆ ಅರ್ಧ ಗಂಟೆಯಲ್ಲಿ 2,200 ಲೀಟರ್ ಬಿದ್ದು ಚರಂಡಿ ಸೇರಿತು. ಆದರೆ ಊರಿನ ಇನ್ನೊಂದು ತುದಿಯಲ್ಲಿ ನೆಲ ಕೂಡ ನೆನೆದಿರಲಿಲ್ಲ. ಅಲ್ಲಿನವರು ಗಾಳಿ, ಧೂಳು ಮಾತ್ರ ಕಂಡರು. ಇದೇನೂ ಸೋಜಿಗವಲ್ಲ. ಇಂಥ ಒಂದು ಮಳೆಮೋಡ ಕೆಲವೇ ಕಿಲೋಮೀಟರ್ ಅಗಲ ಇರುತ್ತದೆ, ಹುಟ್ಟಿ ಸಾಯುವುದು ಗಂಟೆಯೊಳಗೆ. ಮುನ್ಸೂಚನೆಯ ಕಂಪ್ಯೂಟರುಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ. ಯುರೋಪಿನ ಹವಾಮಾನ ಕೇಂದ್ರದ ಹೆಸರಾಂತ ಜಾಗತಿಕ ಮಾದರಿಯಲ್ಲೂ ಒಂದು ಚೌಕದ ಅಗಲ ಸುಮಾರು 9 ಕಿಲೋಮೀಟರ್. ಇಡೀ ಊರು ಆ ಒಂದು ಚೌಕದೊಳಗೆ ಕೂತುಬಿಡುತ್ತದೆ. ಯಾವ ಬೀದಿಗೆ ಮಳೆ, ಯಾವ ಬೀದಿಗೆ ಇಲ್ಲ ಎಂದು ಅದು ಹೇಗೆ ಹೇಳೀತು?

ರಾತ್ರಿ ಕರೆಂಟು ಇರಲಿಲ್ಲ. ಟಾರ್ಚಿನ ಬೆಳಕಿಗೆ ರೆಕ್ಕೆಯ ಗೆದ್ದಲು ಹುಳುಗಳು ಮುತ್ತಿದವು. ನೆಲ ಮೆತ್ತಗಾಗುವುದನ್ನೇ ಕಾದಿದ್ದು, ಹೊಸ ಗೂಡು ಕಟ್ಟಲು ಒಟ್ಟಿಗೇ ಹಾರಿ ಬಂದವು. ಬೆಳಗ್ಗೆ ಹೊಸ್ತಿಲಲ್ಲಿ ಬರೀ ರೆಕ್ಕೆಗಳು.

ಈಗ ಗುರುವಾರ. ನನ್ನ ಪ್ರಕಾರ ಈ ವಾರದ ಅತಿ ಕೆಟ್ಟ ದಿನ ಇದು, ಯಾರೂ ಗಮನಿಸದೆ ಹೋಗುವ ದಿನವೂ ಇದೇ. ಥರ್ಮಾಮೀಟರ್ ತೋರಿಸಿದ್ದು 33. ಸೋಮವಾರಕ್ಕಿಂತ 6 ಡಿಗ್ರಿ ಕಡಿಮೆ. ಫೋನಿನಲ್ಲಿ ಬಣ್ಣ ಕೆಂಪಿನಿಂದ ಹಳದಿಗೆ ಬಂದಿತ್ತು. ಆದರೆ ಎದುರು ಮನೆಯ ಅಜ್ಜ ಗೇಟಿನ ಬಳಿ ನಿಂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದರು, "ಮಳೆ ಬಂತಲ್ಲಪ್ಪಾ, ತಂಪಾಗಬೇಕಿತ್ತು ಅಲ್ವಾ? ಇದೇನು ಹಿಂಗೆ ಕುದೀತಾ ಇದೆ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಬುಧವಾರ ಬಿದ್ದ ನೀರು ಎಲ್ಲೂ ಹೋಗಿರಲಿಲ್ಲ. ಮಣ್ಣಿನಲ್ಲಿತ್ತು, ಗುಂಡಿಗಳಲ್ಲಿತ್ತು, ಎಲೆಗಳ ಮೇಲಿತ್ತು. ಬೆಳಗ್ಗೆ ಬಿಸಿಲು ಬಂದ ಕೂಡಲೇ ಅದನ್ನು ಎತ್ತತೊಡಗಿತು. ಬಿಸಿಲಿನ ಬಹುಪಾಲು ಶಕ್ತಿ ಗಾಳಿಯನ್ನು ಕಾಯಿಸುವ ಬದಲು ನೀರನ್ನು ಆವಿ ಮಾಡಲು ಖರ್ಚಾಯಿತು. ಅದಕ್ಕೇ ಥರ್ಮಾಮೀಟರ್ ಏರಲಿಲ್ಲ. ಆ ಆವಿಯೆಲ್ಲ ನಮ್ಮ ಸುತ್ತಲೇ ನಿಂತಿತು.

ಒದ್ದೆ ಬಟ್ಟೆಯ ಥರ್ಮಾಮೀಟರ್ ನೋಡಿದೆ. 28. ಸೋಮವಾರ 22 ಇದ್ದದ್ದು ಗುರುವಾರ 28! ಒಂದು ಇಳಿದಷ್ಟೇ ಇನ್ನೊಂದು ಏರಿತ್ತು. ಎರಡರ ನಡುವಿನ ಅಂತರ 17ರಿಂದ 5ಕ್ಕೆ ಬಂದಿತ್ತು. ಬೆವರು ಆವಿಯಾಗಲು ಉಳಿದಿದ್ದ ಜಾಗ ಅಷ್ಟೆ. ಮೈಯಿಂದ ಇಳಿದು ನೆಲಕ್ಕೆ ಬೀಳುವ ಬೆವರಿನಿಂದ ದೇಹಕ್ಕೆ ಏನೂ ಉಪಯೋಗವಿಲ್ಲ. ಆವಿಯಾದರೆ ಮಾತ್ರ ಅದು ತಂಪು ಮಾಡುತ್ತದೆ. ಥರ್ಮಾಮೀಟರ್ ಇಲ್ಲದವರು ಫ್ರಿಜ್ಜಿನ ನೀರು ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು ನೋಡಬಹುದು. ಒಣ ದಿನ ಹೊರಗೆ ಕಟ್ಟಿದ ತೆಳು ಮಂಜು ಬೇಗ ಮಾಯವಾಗುತ್ತದೆ. ಗುರುವಾರದಂಥ ದಿನ ಹನಿ ದಪ್ಪವಾಗಿ, ಇಳಿದು, ಲೋಟದ ಬುಡದಲ್ಲಿ ಕೆರೆ ಕಟ್ಟುತ್ತದೆ.

ಒದ್ದೆ ಬಟ್ಟೆಯ ಉಷ್ಣಾಂಶ 35 ಡಿಗ್ರಿ ಮುಟ್ಟಿದರೆ ಮನುಷ್ಯನ ದೇಹ ತನ್ನ ಕಾವನ್ನು ಹೊರಹಾಕಲಾರದು, ಆರೋಗ್ಯವಂತರೂ ಕೆಲವು ಗಂಟೆಗಳಲ್ಲಿ ಸೋಲುತ್ತಾರೆ ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಜನರನ್ನೇ ಕೋಣೆಯಲ್ಲಿಟ್ಟು, ಹಗುರ ಚಟುವಟಿಕೆ ಮಾಡಿಸಿ ಪರೀಕ್ಷಿಸಿದಾಗ, ಆ ಮಿತಿ ತೇವದ ಹವೆಯಲ್ಲಿ 31ರ ಆಸುಪಾಸಿನಲ್ಲೇ ಬಂದುಬಿಟ್ಟಿತು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ, ಬಿಸಿಲಲ್ಲಿ ಮೈಮುರಿದು ದುಡಿಯುವವರಿಗೆ ಅದು ಇನ್ನೂ ಕೆಳಗೆ. 28 ಅನ್ನುವ ಅಂಕಿ ಕಂಡಾಗ ನನಗೆ ಹೆದರಿಕೆಯಾದದ್ದು ಇದಕ್ಕೇ.

ಬೀದಿಯ ಕೊನೆಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು. ಸೋಮವಾರ ಬಿಸಿಲು ಜಾಸ್ತಿ ಎಂದು ಕೆಲಸದವರಿಗೆ ಮಧ್ಯಾಹ್ನ ಬಿಡುವು ಕೊಟ್ಟಿದ್ದರು. ಗುರುವಾರ, ತಂಪಿದೆಯಲ್ಲ ಎಂದು, ಬಿಡುವಿಲ್ಲದೆ ಮಾಡಿಸಿದರು. ಇದು ನನ್ನನ್ನು ತುಂಬಾ ಕಾಡಿತು. ಒಂದೇ ಅಂಕಿ ನೋಡಿ ಕೆಲಸದ ಹೊತ್ತು ನಿರ್ಧರಿಸಿದರೆ ಹೀಗೇ ಆಗುತ್ತದೆ. ತಾಪಮಾನದ ಜೊತೆ ತೇವವನ್ನೂ ನೋಡಬೇಕು. ಮಳೆಯ ಮರುದಿನದ ಬಿಸಿಲಿಗೆ ಬಿಡುವು ಜಾಸ್ತಿ ಬೇಕು, ಕಡಿಮೆ ಅಲ್ಲ. ನೆರಳು, ನೀರು, ಗಾಳಿ ಮೂರೂ ಬೇಕು. ತಲೆಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಕಾಯಬಾರದು. ತಕ್ಷಣ ನೆರಳಿಗೆ ಕರೆದೊಯ್ದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸಬೇಕು, ಆಸ್ಪತ್ರೆಗೆ ಸೇರಿಸಬೇಕು.

ಅವತ್ತು ರಾತ್ರಿಯೂ ಬಿಡುಗಡೆ ಸಿಗಲಿಲ್ಲ. ಗಾಳಿಯಲ್ಲಿನ ಆವಿಯೂ ಮೇಲೆ ಕವಿದ ಮೋಡವೂ ನೆಲದ ಕಾವನ್ನು ತಡೆದು ವಾಪಸ್ ಕಳಿಸುತ್ತಿದ್ದವು. ಸೋಮವಾರ ರಾತ್ರಿ ಹೊದಿಕೆ ಬೇಕಾಗಿತ್ತು, ಗುರುವಾರ ರಾತ್ರಿ ಫ್ಯಾನಿನ ಕೆಳಗೂ ನಿದ್ದೆ ಬರಲಿಲ್ಲ. ಹಗಲಿನ ಗರಿಷ್ಠ ತಾಪಮಾನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಾತ್ರಿಯ ಕನಿಷ್ಠದ ಬಗ್ಗೆ ಯಾರೂ ಮಾತಾಡುವುದಿಲ್ಲ. ದೇಹ ಚೇತರಿಸಿಕೊಳ್ಳುವುದು ರಾತ್ರಿ. ಅದೇ ಸಿಗದಿದ್ದರೆ ಮರುದಿನ ಕಡಿಮೆ ಬಿಸಿಲೂ ಜಾಸ್ತಿಯಾಗುತ್ತದೆ.

ಶುಕ್ರವಾರದ ಬಗ್ಗೆ ಹೇಳುವುದು ಕಡಿಮೆ. ದಿನವಿಡೀ ಒಂದೇ ಬೂದು ಮೋಡ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಎಲ್ಲರೂ ಸಂಜೆ ಬೀದಿಗೆ ಬಂದು ಸುಮ್ನೆ ಅಡ್ಡಾಡಿದರು. ಇಂಥ ಹರಡಿದ ಮೋಡಕ್ಕೆ ಸ್ಟ್ರಾಟಸ್, ಗುಪ್ಪೆ ಮೋಡಕ್ಕೆ ಕ್ಯುಮುಲಸ್, ಎಳೆ ಮೋಡಕ್ಕೆ ಸಿರಸ್ ಎಂದು ಹೆಸರಿಟ್ಟವರು ಲ್ಯೂಕ್ ಹೋವರ್ಡ್. ಅವರು ಲಂಡನ್ನಿನಲ್ಲಿ ಔಷಧಿ ತಯಾರಿಸುತ್ತಿದ್ದವರು. ವೃತ್ತಿಯಿಂದ ಹವಾಮಾನದವರಲ್ಲ. 1802ರಲ್ಲಿ ಗೆಳೆಯರ ಕೂಟದಲ್ಲಿ ಅವರು ಓದಿದ ಪ್ರಬಂಧದ ಹೆಸರುಗಳನ್ನೇ ಇವತ್ತಿಗೂ ಜಗತ್ತು ಬಳಸುತ್ತದೆ. ಕಿಟಕಿಯಿಂದ ಆಕಾಶ ನೋಡುವ ಸಾಮಾನ್ಯರಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ನನಗೆ ಗೊತ್ತಿಲ್ಲ.

ಶನಿವಾರ ಮುನ್ಸೂಚನೆ ಗುಡುಗು ಮಳೆ ಎಂದಿತ್ತು. ಸಾಧ್ಯತೆ 80%. ಒಂದು ಹನಿಯೂ ಬೀಳಲಿಲ್ಲ. ಕೊಡೆ ಹಿಡಿದು ಹೋದವರು ಹವಾಮಾನದವರನ್ನು ಬೈದುಕೊಂಡು ಬಂದರು. 1861ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಮೊದಲ ಬಾರಿಗೆ ಜನಸಾಮಾನ್ಯರಿಗಾಗಿ ಮುನ್ಸೂಚನೆ ಬರೆದ ರಾಬರ್ಟ್ ಫಿಟ್ಜ್‌ರಾಯ್ ಅವರೂ ಹೀಗೇ ಬೈಸಿಕೊಂಡಿದ್ದರು. ಅದಾಗಿ ನೂರು ವರ್ಷಕ್ಕೆ, 1961ರಲ್ಲಿ, ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಹಳೆಯ ಲೆಕ್ಕವೊಂದನ್ನು ಮತ್ತೆ ಮಾಡುವಾಗ ಕಂಪ್ಯೂಟರಿಗೆ 0.506127 ಎಂದು ಕೊಡುವ ಬದಲು 0.506 ಎಂದಷ್ಟೇ ಕೊಟ್ಟರು. ಶುರುವಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಸ್ವಲ್ಪ ಮುಂದೆ ಹೋದಂತೆ ಲೆಕ್ಕದ ಹವಾಮಾನ ಪೂರ್ತಿ ಬೇರೆಯೇ ಆಗಿಹೋಯಿತು. ಕೂದಲೆಳೆಯ ವ್ಯತ್ಯಾಸ ದಿನ ಕಳೆದಂತೆ ಬೆಟ್ಟವಾಗುತ್ತದೆ ಎಂದು ಅವರಿಗೆ ಅವತ್ತು ತಿಳಿಯಿತು.

ಶನಿವಾರದ ಮಳೆ ತಪ್ಪಿದ್ದಕ್ಕೆ ನನಗೆ ಕಾಣುವ ಕಾರಣ ಶುಕ್ರವಾರ. ಆ ಬೂದು ಮೋಡ ದಿನವಿಡೀ ನೆಲವನ್ನು ಕಾಯಲು ಬಿಡಲಿಲ್ಲ. ಶನಿವಾರ ಬೆಳಗ್ಗೆಯೂ ಅದು ಹನ್ನೊಂದರವರೆಗೆ ಸರಿಯಲಿಲ್ಲ. ತೇವ ಬೇಕಾದಷ್ಟಿತ್ತು. ಅದನ್ನು ಮೇಲೆತ್ತುವ ಕಾವು ಇರಲಿಲ್ಲ. ಬೆಳಗ್ಗೆ ಮೋಡ ಎರಡು ಗಂಟೆ ಮೊದಲು ಚದುರಿದ್ದರೆ ಅದೇ ಮುನ್ಸೂಚನೆಯನ್ನು ಎಲ್ಲರೂ ಹೊಗಳುತ್ತಿದ್ದರು. 80% ಅಂದವರು 20% ಇಲ್ಲ ಎಂದೂ ಹೇಳಿದ್ದರು. ಅವರ ಕೆಲಸದ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಯಿತು.

ಭಾನುವಾರ ಸಂಜೆ ಬಿಸಿಲು ಇರುವಾಗಲೇ ಸಣ್ಣ ಮಳೆ ಬಂತು. ಪೂರ್ವದಲ್ಲಿ ಕಾಮನಬಿಲ್ಲು ಮೂಡಿತು. ಎದುರು ಮನೆಯ ಅಜ್ಜನ ಮೊಮ್ಮಗಳು ಓಡಿ ಬಂದಳು. ಮಧ್ಯಾಹ್ನ ಮಳೆ ಬಂದಾಗ ಯಾಕೆ ಕಾಮನಬಿಲ್ಲು ಬರಲ್ಲ ಎಂದು ಕೇಳಿದಳು. ನಮ್ಮ ನೆರಳಿನ ತಲೆ ಎಲ್ಲಿದೆಯೋ ಅದರ ಸುತ್ತ 42 ಡಿಗ್ರಿ ದೂರದಲ್ಲಿ ಬಿಲ್ಲು ಇರುತ್ತದೆ, ಸೂರ್ಯ ಅದಕ್ಕಿಂತ ಮೇಲಿದ್ದರೆ ಬಿಲ್ಲು ನೆಲದ ಕೆಳಗೆ ಹೋಗಿಬಿಡುತ್ತದೆ ಎಂದು ತೋರಿಸಿಕೊಟ್ಟೆ. ಅವಳು ತನ್ನ ನೆರಳು ನೋಡಿದಳು, ಬಿಲ್ಲು ನೋಡಿದಳು, ಮತ್ತೆ ನೆರಳು ನೋಡಿದಳು. ಡಬ್ಬಿಯಲ್ಲಿ ಎಷ್ಟಿದೆ ಎಂದು ನೋಡಲು ನನಗಿಂತ ಮೊದಲೇ ತಾರಸಿ ಹತ್ತಿದಳು. 3 ಮಿಲಿಮೀಟರ್ ಇತ್ತು.

ಅವಳ ಗೆಳತಿಯ ಮನೆ ಬುಧವಾರ ಮಳೆ ಬೀಳದ ಆ ಇನ್ನೊಂದು ತುದಿಯಲ್ಲಿದೆ. ಅಲ್ಲೂ ಒಂದು ಡಬ್ಬಿ ಇಡುವುದಾಗಿ ಇಬ್ಬರೂ ಮಾತಾಡಿಕೊಂಡಿದ್ದಾರೆ. ನಾನು ಅವರಿಗೆ ಹೇಳಿಕೊಟ್ಟದ್ದು ಇಷ್ಟು: ಡಬ್ಬಿಯ ಗೋಡೆ ನೇರ ಇರಲಿ, ತಳ ಚಪ್ಪಟೆ ಇರಲಿ. ಮರ, ಗೋಡೆಗಳಿಂದ ದೂರ ಇಡಿ. ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ ಜೋಡಿಸಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಅಳೆದು, ಬರೆದಿಟ್ಟು, ಖಾಲಿ ಮಾಡಿ. ಮಳೆ ಬಾರದ ದಿನ ಸೊನ್ನೆ ಅಂತ ಬರೆಯಿರಿ, ಹಾಳೆಯನ್ನು ಖಾಲಿ ಬಿಡಬೇಡಿ.